ಕಣ್ಣು ಮುಚ್ಚಿದರೆ ತೂರಾಡುವ ಮಗ: ಇದಕ್ಕೂ ಆಟಿಸಂಗೂ ಸಂಬಂಧವಿದೆಯೇ?

ಪ್ರಶ್ನೆ (ತಾಯಿ, ದಾವಣಗೆರೆ):
ಆಟಿಸಂ (ಮಾತು, ಬೆರೆಯುವಿಕೆಗಳ ಬೆಳವಣಿಗೆ ಭಿನ್ನವಾಗಿರುವ ಸ್ಥಿತಿ) ಇರುವ ನನ್ನ ಮಗನಿಗೆ ಈಗ ಒಂಬತ್ತು ವರ್ಷ. ಮಾತು ಎಷ್ಟೋ ಸುಧಾರಿಸಿದೆ; ಆದರೆ ಗೋಡೆಗೆ ಒರಗದೆ ಚಡ್ಡಿ ಹಾಕಿಕೊಳ್ಳಲಾರ, ಊಟಕ್ಕೆ ಕೂತರೆ ಐದೇ ನಿಮಿಷದಲ್ಲಿ ಬೆನ್ನು ಬಾಗಿಸಿ ಎಡಗೈಯನ್ನು ನೆಲಕ್ಕೆ ಊರುತ್ತಾನೆ. ತಲೆಗೆ ಸ್ನಾನ ಮಾಡಿಸುವಾಗ ಕಣ್ಣು ಮುಚ್ಚಿದೊಡನೆ ತೂರಾಡಿ ಬಕೆಟ್ಟಿನ ಅಂಚನ್ನೋ ನನ್ನ ಸೆರಗನ್ನೋ ಹಿಡಿದುಕೊಳ್ಳುತ್ತಾನೆ. ಶಾಲೆಯಲ್ಲಿ ಇದನ್ನು ಸೋಮಾರಿತನ ಎನ್ನುತ್ತಾರೆ. ನಿಜವಾಗಿ ಇದೇನು?

ಉತ್ತರ 1 (ಫಿಸಿಯೊಥೆರಪಿಸ್ಟ್):
ಸೋಮಾರಿತನವಂತೂ ಅಲ್ಲ, ಮೇಡಂ. ಮಕ್ಕಳ ಮನೋವೈದ್ಯ ಲಿಯೋ ಕ್ಯಾನರ್ 1943ರಲ್ಲಿ ಆಟಿಸಂ ಕುರಿತು ಬರೆದ ಪ್ರಬಂಧದಲ್ಲೇ ಹಲವು ಮಕ್ಕಳ ನಡಿಗೆ ಒಡ್ಡೊಡ್ಡಾಗಿತ್ತೆಂದು ದಾಖಲಿಸಿದ್ದರು. ಆದರೆ ಆಟಿಸಂ ಗುರುತಿಸುವ ಮಾನದಂಡಗಳಲ್ಲಿ ಅದು ಸೇರದ ಕಾರಣ ತಪಾಸಣೆಯ ವೇಳೆ ಈ ವಿಷಯ ಕೇಳುವವರೇ ಕಡಿಮೆ. ನೆಟ್ಟಗೆ ನಿಲ್ಲಬೇಕಾದರೆ ಕಣ್ಣು, ಒಳಕಿವಿ ಮತ್ತು ಸ್ನಾಯು-ಕೀಲುಗಳಿಂದ ಬರುವ ಸೂಚನೆಗಳನ್ನು ಮಿದುಳು ಕ್ಷಣಕ್ಷಣವೂ ಹೊಂದಿಸಿಕೊಳ್ಳಬೇಕು. ನೀವು ಹೇಳಿದ ಬಚ್ಚಲುಮನೆಯ ವಿವರ ನನಗೆ ಮಿಕ್ಕೆಲ್ಲಕ್ಕಿಂತ ಮುಖ್ಯವೆನಿಸಿತು: ಉಳಿದೆರಡರ ಸೂಚನೆ ಅವನಿಗೆ ಸಾಲದೆ, ಬಹುಶಃ ಕಣ್ಣನ್ನೇ ನೆಚ್ಚಿಕೊಂಡು ನಿಲ್ಲುತ್ತಿದ್ದಾನೆ. 2004ರಲ್ಲಿ ಆಟಿಸಂ ಸಂಶೋಧಕಿ ನ್ಯಾನ್ಸಿ ಮಿನ್‌ಶ್ಯೂ ಅವರ ತಂಡ ಅಮೆರಿಕದಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಆಟಿಸಂ ಇರುವವರ ನಿಲುವಿನ ಸ್ಥಿರತೆ ಹನ್ನೆರಡನೆಯ ವಯಸ್ಸಿನವರೆಗೂ ಬೆಳೆಯಲು ತಡವಾಗಿ, ಮುಂದೆಯೂ ಇತರ ವಯಸ್ಕರ ಮಟ್ಟವನ್ನು ಮುಟ್ಟದಿರುವುದು ಕಂಡುಬಂದಿತ್ತು. ಸದ್ಯಕ್ಕೆ ಅವನನ್ನು ಸ್ಟೂಲಿನ ಮೇಲೆ ಕೂರಿಸಿಯೇ ಸ್ನಾನ ಮಾಡಿಸಿ.

ಉತ್ತರ 2 (ಆಟಿಸಂ ಇರುವ ವಯಸ್ಕ):
ಶಾಲೆಯ ಪ್ರಾರ್ಥನೆಯಲ್ಲಿ ‘ನೆಟ್ಟಗೆ ನಿಲ್ಲು’ ಎಂದು ನನ್ನ ಬೆನ್ನಿಗೆ ಬಿದ್ದ ಗುದ್ದುಗಳಿಗೆ ಲೆಕ್ಕವಿಲ್ಲ. ನೆಟ್ಟಗೆ ನಿಲ್ಲುವುದರ ಕಡೆಗೆ ಗಮನ ಕೊಟ್ಟರೆ ಮೇಷ್ಟ್ರು ಹೇಳಿದ್ದು ಕಿವಿಗೆ ಬೀಳುತ್ತಿರಲಿಲ್ಲ, ಅವರ ಮಾತು ಕೇಳಿಸಿಕೊಂಡರೆ ಮೈ ವಾಲುತ್ತಿತ್ತು. ಕುರ್ಚಿಯಲ್ಲಿ ಕೂತಾಗ ಕಾಲು ನೇತಾಡದಂತೆ ಅಜ್ಜಿ ಕೆಳಗೆ ಊಟದ ಮಣೆ ಇಡುತ್ತಿದ್ದರು. ಪಾದ ಊರಿದ ಮೇಲೆ ಅರ್ಧ ಗಂಟೆ ಬರೆಯುವುದು ನನಗೆ ಸಾಧ್ಯವಾಯಿತು. ನಿಮ್ಮ ಮಗನಿಗೂ ಮಾಡಿ ನೋಡಿ, ಖರ್ಚೇನೂ ಇಲ್ಲ.

ಉತ್ತರ 3 (ಆಕ್ಯುಪೇಶನಲ್ ಥೆರಪಿಸ್ಟ್, ಅಂದರೆ ದಿನನಿತ್ಯದ ಕೆಲಸಗಳನ್ನು ಮಾಡಿಕೊಳ್ಳಲು ತರಬೇತಿ ಕೊಡುವವರು):
ಮಣೆಯ ಸಲಹೆ ಚೆನ್ನಾಗಿದೆ. ಉಯ್ಯಾಲೆ, ಕೈ ಹಿಡಿದುಕೊಂಡು ಕುಂಟೆಬಿಲ್ಲೆ ಮುಂತಾದವನ್ನು ದಿನಕ್ಕೆ ಹತ್ತು ನಿಮಿಷ, ಅವನಿಗೆ ಇಷ್ಟವಿದ್ದಷ್ಟು ಮಾತ್ರ ಆಡಿಸಿ. ತಲೆ ಸುತ್ತಿದರೆ ಅಥವಾ ಅವನು ಹೆದರಿದರೆ ಅಲ್ಲಿಗೇ ನಿಲ್ಲಿಸಿ. ಆದರೆ ಎಲ್ಲವನ್ನೂ ಆಟಿಸಂ ತಲೆಗೆ ಕಟ್ಟುವುದು ಸರಿಯಲ್ಲ. ಮೊದಲು ಮಾಡುತ್ತಿದ್ದುದು ಈಗ ಆಗುತ್ತಿಲ್ಲವೆಂದಾದರೆ, ಇತ್ತೀಚೆಗೆ ಬೀಳುವುದು ಹೆಚ್ಚಾಗಿದ್ದರೆ, ಥೆರಪಿಗೆ ಮುಂಚೆ ಮಕ್ಕಳ ನರರೋಗ ತಜ್ಞರಿಗೆ ತೋರಿಸಬೇಕು. ಅವನು ತುದಿಗಾಲಲ್ಲಿ ನಡೆಯುತ್ತಾನೆಯೇ? ಹೌದಾದರೆ ಹಿಮ್ಮಡಿ ನೆಲಕ್ಕೆ ಪೂರ್ತಿ ತಾಗುತ್ತದೆಯೇ ಎಂದು ಗಮನಿಸಿ ಇಲ್ಲಿ ತಿಳಿಸಿ.