ಸಮುದ್ರಕ್ಕೆ ಹೋಗೋಣ, ಆದರೆ ನೀರಿಗಿಳಿಯುವ ಮುಂಚೆ ಇಷ್ಟು ಕೇಳಿ

ಎಲ್ಲರೂ ಪೂರ್ತಿ ಕೇಳಿ, ಸ್ವಲ್ಪ ಉದ್ದ ಆಗುತ್ತದೆ. ಸುಮಕ್ಕ, ಡಿಸೆಂಬರ್ ರಜೆಗೆ ಟಿಟಿ ಮಾಡಿಕೊಂಡು ದಾವಣಗೆರೆಯಿಂದ ಸಮುದ್ರಕ್ಕೆ ಹೋಗೋಣ ಅಂದ ಕೂಡಲೇ ನೀನು ಕೇಳಿದ್ದು ಶಾರ್ಕ್ ವಿಷಯ. ಮೊಬೈಲಿನಲ್ಲಿ ಬರುವ ಆ ವಿಡಿಯೋ ನೋಡಿದರೆ ಯಾರಿಗಾದರೂ ಎದೆ ಝಲ್ ಅನ್ನುತ್ತದೆ. ನಮ್ಮ ಕರಾವಳಿಯಲ್ಲೂ ಶಾರ್ಕ್ ಇವೆ, ಮೀನುಗಾರರ ಬಲೆಗೆ ಬೀಳುತ್ತವೆ. ಆದರೆ ಇಡೀ ಪ್ರಪಂಚದಲ್ಲಿ ಶಾರ್ಕ್ ತಾನಾಗಿ ಬಂದು ಕಚ್ಚುವುದು ವರ್ಷಕ್ಕೆ ಸುಮಾರು 60-70 ಸಲ. ನೀರಿನಲ್ಲಿ ಮುಳುಗಿ ಸಾಯುವವರು ವರ್ಷಕ್ಕೆ ಸುಮಾರು 3 ಲಕ್ಷ ಜನ. ಶಾರ್ಕ್ ಚಿಂತೆ ಬಿಟ್ಟುಬಿಡು.

ನನಗೆ ನಿಜಕ್ಕೂ ಭಯ ಆಗಿದ್ದು ಕಿರಣನ ಮಾತು ಕೇಳಿ. "ಭದ್ರಾ ನಾಲೆಯಲ್ಲಿ ಈಜಿದವನು ನಾನು, ಸಮುದ್ರ ಏನು ಮಹಾ" ಅಂದ. ಕಿರಣ, ನಾಲೆಯಲ್ಲಿ ನೀರು ಒಂದೇ ಕಡೆ ಹರಿಯುತ್ತದೆ, ದಡ ಕೈಗೆ ಸಿಗುತ್ತದೆ. ಸಮುದ್ರದಲ್ಲಿ ಅಲೆ ತಂದು ಸುರಿದ ನೀರೆಲ್ಲ ವಾಪಸ್ ಹೋಗಬೇಕಲ್ವಾ? ಅದು ಎಲ್ಲೋ ಒಂದು ಕಡೆ ದಾರಿ ಮಾಡಿಕೊಂಡು ಜೋರಾಗಿ ಒಳಕ್ಕೆ ಎಳೆದುಕೊಂಡು ಹೋಗುತ್ತದೆ. ಎಷ್ಟೋ ಸಲ ಬಂಡೆಗಳ ಪಕ್ಕದಲ್ಲೇ ಈ ಸೆಳೆತ ಇರುತ್ತದೆ. ಮೋಸ ಇರುವುದು ಇಲ್ಲೇ. ಎರಡೂ ಕಡೆ ಅಲೆ ಬಿಳಿ ನೊರೆ ಎಬ್ಬಿಸಿ ಒಡೆಯುತ್ತಿರುತ್ತದೆ, ನಡುವೆ ಒಂದು ಪಟ್ಟಿ ಮಾತ್ರ ಸುಮ್ನೆ ಇರುತ್ತದೆ. ನೀರು ಕಪ್ಪಗೆ ಇಲ್ಲವೇ ಮರಳು ಕದಡಿದ ಹಾಗೆ ಕಾಣುತ್ತದೆ, ನೊರೆ ದಡಕ್ಕೆ ಬರದೆ ಒಳಗೆ ಹೋಗುತ್ತಿರುತ್ತದೆ. ಅಲೆ ಇಲ್ಲ, ಮಕ್ಕಳಿಗೆ ಒಳ್ಳೆ ಜಾಗ ಅಂತ ನಮ್ಮ ಬಯಲುಸೀಮೆ ಜನ ಅಲ್ಲೇ ಇಳಿಯುತ್ತಾರೆ. ಇಳಿಯುವ ಮುಂಚೆ ಎತ್ತರದಲ್ಲಿ ನಿಂತು ಹತ್ತು ನಿಮಿಷ ನೀರನ್ನೇ ನೋಡೋಣ.

ಸಿಕ್ಕಿಕೊಂಡರೆ ದಡದ ಕಡೆಗೆ ಈಜಲು ಹೋಗಬೇಡ. ಸೆಳೆತ ಜೋರಿದ್ದರೆ ಒಲಿಂಪಿಕ್ಸ್ ಈಜುಗಾರನೂ ಸೋಲುತ್ತಾನೆ. ಅದು ನಿನ್ನನ್ನು ಕೆಳಕ್ಕೆ ಎಳೆಯುವುದಿಲ್ಲ, ಒಳಕ್ಕೆ ಒಯ್ಯುತ್ತದೆ, ಅಲೆ ಒಡೆಯುವ ಜಾಗ ದಾಟಿದ ಮೇಲೆ ಸೋಲುತ್ತದೆ. ಅಂಗಾತ ತೇಲು, ಕೈ ಎತ್ತಿ ಕೂಗು. ಶಕ್ತಿ ಇದ್ದರೆ ದಡದ ಉದ್ದಕ್ಕೂ ಪಕ್ಕಕ್ಕೆ ಈಜು, ಆಮೇಲೆ ಓರೆಯಾಗಿ ಅಲೆಯ ಜೊತೆ ಬಾ. ದಡದಲ್ಲಿ ಇರುವವರು ಹಿಂದೆ ಧುಮುಕಬೇಡಿ. ಉಳಿಸಲು ಹೋದವರೇ ಮುಳುಗಿದ ಸುದ್ದಿ ಎಷ್ಟು ಓದಿಲ್ಲ ನಾವು! ಮುಚ್ಚಳ ಹಾಕಿದ ಖಾಲಿ ನೀರಿನ ಕ್ಯಾನ್ ಎಸೆಯಿರಿ, ಅದು ತೇಲುತ್ತದೆ. ಜೀವರಕ್ಷಕರನ್ನು ಕೂಗಿ, 112ಕ್ಕೆ ಫೋನ್ ಮಾಡಿ.

ಡಿಸೆಂಬರ್ ಅಂದರೆ ಸಮುದ್ರ ಶಾಂತವಾಗಿರುತ್ತದೆ ಅಂತ ದೊಡ್ಡಪ್ಪ ಹೇಳಿದರು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನೀರಿಗೆ ಇಳಿಯಲೇಬಾರದು, ಅದು ಸರಿ. ಆದರೆ ದೊಡ್ಡಪ್ಪ, 2024ರಲ್ಲಿ ಮುರ್ಡೇಶ್ವರದಲ್ಲಿ ಕೋಲಾರ ಜಿಲ್ಲೆಯಿಂದ ಶಾಲೆ ಪ್ರವಾಸಕ್ಕೆ ಬಂದ ನಾಲ್ಕು ಹೆಣ್ಣುಮಕ್ಕಳು ಮುಳುಗಿ ತೀರಿಕೊಂಡಿದ್ದು ಡಿಸೆಂಬರ್‌ನಲ್ಲೇ. ಆ ತಾಯಂದಿರನ್ನು ನೆನೆದರೆ ಈಗಲೂ ಹೊಟ್ಟೆ ಉರಿಯುತ್ತದೆ. ಕೆಂಪು ಬಾವುಟ ಇದ್ದರೆ ಯಾವ ತಿಂಗಳಾದರೂ ಇಳಿಯುವುದು ಬೇಡ. ಮಕ್ಕಳು ಮೊಣಕಾಲು ನೀರಿನಲ್ಲಿದ್ದರೂ ದೊಡ್ಡವರೊಬ್ಬರು ಕೈಗೆ ಸಿಗುವಷ್ಟು ಹತ್ತಿರ ಇರಬೇಕು, ಅದೂ ಫೋನ್ ಇಲ್ಲದೆ.

ಜಾಗ ಯಾವುದು ಅಂದರೆ, ಅಜ್ಜಿಯೂ ಬರುತ್ತಾರೆ ಅಂತ ಗೀತಾ ಹೇಳಿದಳಲ್ಲ. ಗೋಕರ್ಣದ ಓಂ ಬೀಚಿಗೆ ಮೆಟ್ಟಿಲು ಇಳಿಯಬೇಕು, ವಾಪಸ್ ಬರುವಾಗ ಹತ್ತಬೇಕು. ಅವರ ಮೊಣಕಾಲಿಗೆ ಆಗುವುದಿಲ್ಲ. ಮರವಂತೆ ಹೆದ್ದಾರಿ ಪಕ್ಕದಲ್ಲೇ ಇದೆ, ನೋಡಲು ಬಲು ಚೆಂದ, ಈಜಲು ಬೇಡವೇ ಬೇಡ. ನನ್ನ ಮನಸ್ಸು ಹೊನ್ನಾವರದ ಕಾಸರಕೋಡಿನ ಮೇಲಿದೆ. ಪಡುಬಿದ್ರಿಗೆ ಸಿಕ್ಕ ಹಾಗೆ ಅದಕ್ಕೂ 2020ರಲ್ಲಿ ಬ್ಲೂ ಫ್ಲ್ಯಾಗ್, ಅಂದರೆ ಚೊಕ್ಕ, ಸುರಕ್ಷಿತ ಬೀಚ್‌ಗೆ ಕೊಡುವ ನೀಲಿ ಬಾವುಟದ ಮನ್ನಣೆ, ಸಿಕ್ಕಿತು. ಶೌಚಾಲಯ, ಜೀವರಕ್ಷಕರು, ಗಾಲಿಕುರ್ಚಿ ಹೋಗುವ ದಾರಿ ಇರಬೇಕು ಅನ್ನುವುದು ಆ ಬಾವುಟದ ನಿಯಮದಲ್ಲೇ ಇದೆ. ಹೊನ್ನಾಳಿ, ಶಿವಮೊಗ್ಗ, ಸಾಗರ ದಾಟಿ ಗೇರುಸೊಪ್ಪೆ ಘಾಟಿ ಇಳಿದರೆ ಹೊನ್ನಾವರ. ಘಾಟಿಯಲ್ಲಿ ಗೀತಾಗೆ ವಾಂತಿ ಬರುತ್ತದೆ, ಮುಂದಿನ ಸೀಟು ಅವಳಿಗೆ.

ಇನ್ನೊಂದು. ಲೋಳೆಮೀನು (ಜೆಲ್ಲಿಫಿಶ್) ತಾಗಿದರೆ ಉಜ್ಜಬೇಡಿ, ಸಮುದ್ರದ ನೀರಿನಲ್ಲೇ ತೊಳೆಯಿರಿ. ಉಸಿರು ಕಟ್ಟಿದ ಹಾಗೆ ಆದರೆ ಸೀದಾ ಆಸ್ಪತ್ರೆಗೆ.

ಕಾಸರಕೋಡು ಒಪ್ಪಿಗೆನಾ ಎಲ್ಲರಿಗೂ? ಸುಮಕ್ಕ, ನೀನು ಹೂಂ ಅಂದರೆ ನಾಳೆಯೇ ಟಿಟಿಗೆ ಅಡ್ವಾನ್ಸ್ ಕೊಡುತ್ತೇನೆ.