‘ಇಂಪಾರ್ಷಿಯಲ್’ ಅಧಿಕಾರಿ ತಟಸ್ಥನೇ, ನಿಷ್ಪಕ್ಷಪಾತಿಯೇ? ಜೊತೆಗೆ ‘ಆಯ್ಕೆ ಸಮಿತಿ’, ‘ವಿಶೇಷ ಸಲಹೆಗಾರ’

ಗೆಳೆಯರಿಗೆ ನಮಸ್ಕಾರ.

ಬ್ರಿಟನ್ನಿನ ಸಂಸತ್ತು ಮತ್ತು ಅಲ್ಲಿನ ಅಧಿಕಾರಿವರ್ಗವನ್ನು ಕುರಿತ ಒಂದು ಕನ್ನಡ ಬರಹ ತಿದ್ದುವುದಕ್ಕಾಗಿ ನನ್ನ ಮೇಜಿಗೆ ಬಂದಿದೆ. ಪದವಿ ತರಗತಿಯ ರಾಜ್ಯಶಾಸ್ತ್ರದ ವಿದ್ಯಾರ್ಥಿಗಳಿಗಾಗಿ ಬರೆದದ್ದು. ಅನುವಾದಕರು ಶ್ರದ್ಧೆಯುಳ್ಳವರು, ವಾಕ್ಯಗಳು ಸಲೀಸಾಗಿ ಓಡುತ್ತವೆ. ಆದರೂ ಕೆಲವು ಪದಗಳ ಬಳಿ ಬಂದಾಗಲೆಲ್ಲ ಪೆನ್ನು ನಿಲ್ಲುತ್ತಿದೆ. ನಿಘಂಟುಗಳಲ್ಲಿ ಎಲ್ಲಕ್ಕೂ ಸಮಾನಪದಗಳಿವೆ, ಕೊರತೆ ಅದರದಲ್ಲ. ಅವನ್ನು ಹಾಗೆಯೇ ಹಾಕಿದರೆ ಓದುವವರು ಬೇರೆಯೇ ಒಂದು ಆಡಳಿತ ಪದ್ಧತಿಯನ್ನು ಊಹಿಸಿಕೊಳ್ಳುತ್ತಾರೆ.

ಕರಡಿನ ಒಂದು ವಾಕ್ಯ ಹೀಗಿದೆ: “2016ರಲ್ಲಿ ಶಾಲಾ ತಪಾಸಣಾ ಸಂಸ್ಥೆಯಾದ ಆಫ್‌ಸ್ಟೆಡ್‌ನ ಮುಖ್ಯಸ್ಥರ ಹುದ್ದೆಗೆ ಅಮಾಂಡಾ ಸ್ಪೀಲ್‌ಮನ್ ಅವರ ಹೆಸರನ್ನು ಶಿಕ್ಷಣ ಆಯ್ಕೆ ಸಮಿತಿ ವಿಚಾರಣೆಯ ನಂತರ ಒಪ್ಪಲಿಲ್ಲ; ಆದರೂ ಸಚಿವೆ ನಿಕಿ ಮಾರ್ಗನ್ ನೇಮಕಕ್ಕೆ ಮುಂದಾದರು.” ಸಂಗತಿ ನಿಜವಾದದ್ದೇ. ಆದರೆ ಪ್ರೂಫ್ ನೋಡುವ ಗೆಳತಿ ಅಂಚಿನಲ್ಲಿ ಎರಡು ಪ್ರಶ್ನೆ ಬರೆದಿದ್ದಾರೆ. “ಆಯ್ಕೆ ಸಮಿತಿಯೇ ಆಯ್ಕೆ ಮಾಡದವರನ್ನು ನೇಮಿಸಿದರೆ ಯಾರೂ ಕೋರ್ಟಿಗೆ ಹೋಗಲಿಲ್ಲವೇ? ವಿಚಾರಣೆ ನಡೆದದ್ದು ಯಾವ ಆರೋಪದ ಮೇಲೆ?” ಎರಡೂ ನ್ಯಾಯವಾದ ಪ್ರಶ್ನೆಗಳು. ಆಯ್ಕೆ ಸಮಿತಿ ಎಂದರೆ ನಮಗೆ ಕ್ರಿಕೆಟ್ ತಂಡವನ್ನು ಆರಿಸುವವರು, ಇಲ್ಲವೇ ಉಪನ್ಯಾಸಕರ ಸಂದರ್ಶನಕ್ಕೆ ಕೂರುವವರು. ಅವರು ಬೇಡವೆಂದ ಮೇಲೆ ಮುಗಿಯಿತು. ವಿಚಾರಣೆ ಎಂದರೆ ಕಟಕಟೆ, ಇಲ್ಲದಿದ್ದರೆ ಇಲಾಖಾ ವಿಚಾರಣೆ. ನೌಕರನೊಬ್ಬ ಅಮಾನತಾಗಿದ್ದಾನೆ ಎಂಬ ವಾಸನೆ.

ಅಲ್ಲಿ ಇರುವುದೇ ಬೇರೆ. ಕರಡು ‘ಆಯ್ಕೆ ಸಮಿತಿ’ ಎಂದಿರುವ ಬ್ರಿಟನ್ನಿನ ಸೆಲೆಕ್ಟ್ ಕಮಿಟಿಗಳು 1979ರಿಂದ ಇಲಾಖೆಗೊಂದರಂತೆ ಕಾಯಂ ಆಗಿ ಇರುವ ಸಮಿತಿಗಳು. ನಮ್ಮ ಸಂಸತ್ತಿನಲ್ಲಿ ಅವಕ್ಕೆ ಹತ್ತಿರವಾದವು 1993ರಲ್ಲಿ ಬಂದ ಇಲಾಖಾವಾರು ಸ್ಥಾಯಿ ಸಮಿತಿಗಳು. ನಮ್ಮಲ್ಲಿ ಸೆಲೆಕ್ಟ್ ಕಮಿಟಿ ಎನ್ನುವುದು ಒಂದು ಮಸೂದೆಗಾಗಿ ರಚನೆಯಾಗಿ, ವರದಿ ಕೊಟ್ಟು ಕರಗಿಹೋಗುವ ಸಮಿತಿ. ಹೆಸರು ಒಂದೇ, ಕೆಲಸ ಬೇರೆ. 2007ರಲ್ಲಿ ಗಾರ್ಡನ್ ಬ್ರೌನ್ ಸರ್ಕಾರ ಪ್ರಸ್ತಾಪಿಸಿ 2008ರಿಂದ ಜಾರಿಗೆ ಬಂದ ಏರ್ಪಾಡಿನ ಪ್ರಕಾರ, ಕೆಲವು ದೊಡ್ಡ ಸಾರ್ವಜನಿಕ ಹುದ್ದೆಗಳಿಗೆ ಸರ್ಕಾರ ತಾನು ಆರಿಸಿದ ಅಭ್ಯರ್ಥಿಯನ್ನು ನೇಮಕದ ಮೊದಲು ಸಮಿತಿಯ ಮುಂದೆ ಕಳುಹಿಸುತ್ತದೆ. ಸಮಿತಿ ಬಹಿರಂಗವಾಗಿ ಪ್ರಶ್ನೆ ಕೇಳಿ ತನ್ನ ಅಭಿಪ್ರಾಯವನ್ನು ವರದಿಯಾಗಿ ಕೊಡುತ್ತದೆ. ಸಚಿವರು ಅದನ್ನು ಗಮನಿಸಬೇಕು, ಒಪ್ಪಲೇಬೇಕೆಂದಿಲ್ಲ. 2009ರಲ್ಲಿ ಮಕ್ಕಳ ಆಯುಕ್ತರ ಹುದ್ದೆಗೆ ಮ್ಯಾಗಿ ಅಟ್ಕಿನ್‌ಸನ್ ಅವರನ್ನು ಸಮಿತಿ ಒಪ್ಪದಿದ್ದರೂ ಸಚಿವ ಎಡ್ ಬಾಲ್ಸ್ ನೇಮಿಸಿದರು. ಇದಕ್ಕೆ ಅಪವಾದವೂ ಉಂಟು: ಬಜೆಟ್ ಅಂದಾಜುಗಳನ್ನು ಸರ್ಕಾರದ ಹಂಗಿಲ್ಲದೆ ತಯಾರಿಸುವ ಕಚೇರಿಯ ಮುಖ್ಯಸ್ಥರ ನೇಮಕಕ್ಕೆ 2011ರ ಕಾಯ್ದೆಯಂತೆ ಹಣಕಾಸು ಸಮಿತಿಯ ಒಪ್ಪಿಗೆ ಬೇಕೇ ಬೇಕು. ಅವರನ್ನು ತೆಗೆದುಹಾಕುವುದಕ್ಕೂ ಬೇಕು.

ಹೀಗಾಗಿ ‘ಇಲಾಖಾ ಸಂಸದೀಯ ಸಮಿತಿ’ ಎಂದು ಬರೆದು, ಮೊದಲ ಸಲ ಬಂದಾಗ ಒಂದು ವಾಕ್ಯದ ವಿವರಣೆ ಕೊಡೋಣ ಎಂದುಕೊಂಡಿದ್ದೇನೆ. ಹಿಯರಿಂಗ್ ಎಂಬುದಕ್ಕೆ ‘ಸಂದರ್ಶನ’ ಆಗದು, ಏಕೆಂದರೆ ಅದು ಅಷ್ಟರೊಳಗೆ ನೇಮಕ ಮಂಡಳಿಯ ಮುಂದೆ ಮುಗಿದಿರುತ್ತದೆ. ‘ನೇಮಕಪೂರ್ವ ಪ್ರಶ್ನೋತ್ತರ’ ಹೇಗೆ? ಸ್ಕ್ರೂಟಿನಿಗೆ ‘ಪರಿಶೀಲನೆ’ ಎಂದರೆ ನಾಮಪತ್ರ ಪರಿಶೀಲನೆ ನೆನಪಾಗುತ್ತದೆ. ಅಲ್ಲಿ ಚುನಾವಣಾಧಿಕಾರಿ ತಿರಸ್ಕರಿಸಿದರೆ ತಿರಸ್ಕಾರವೇ. ನನ್ನ ಒಲವು ‘ಒರೆಹಚ್ಚುವುದು’ ಎಂಬುದರ ಕಡೆಗೆ. ಒರೆಗಲ್ಲು ಚಿನ್ನದ ಗುಣ ಹೇಳುತ್ತದೆ, ಕೊಳ್ಳುವುದು ಬಿಡುವುದು ಹಣ ಕೊಡುವವನ ಇಷ್ಟ. ಸಮಿತಿಯ ಅಧಿಕಾರ ಸರಿಯಾಗಿ ಅಷ್ಟೇ. ಆದರೆ ಪಠ್ಯದ ಶೀರ್ಷಿಕೆಯಲ್ಲಿ ‘ನೇಮಕಾತಿಗಳ ಸಂಸದೀಯ ಒರೆಹಚ್ಚುವಿಕೆ’ ಎಂದು ಬರೆಯುವ ಧೈರ್ಯ ನನಗಿಲ್ಲ. ಒಳಗಿನ ವಾಕ್ಯಗಳಲ್ಲಿ ಕ್ರಿಯಾಪದವಾಗಿ ಬಳಸಬಹುದು.

ಈಗ ಮುಖ್ಯ ತೊಡಕು. ಬ್ರಿಟನ್ನಿನ ಅಧಿಕಾರಿಗಳ ನೀತಿಸಂಹಿತೆ ನಾಲ್ಕು ಮೌಲ್ಯಗಳನ್ನು ಹೇಳುತ್ತದೆ: ಇಂಟೆಗ್ರಿಟಿ, ಹಾನೆಸ್ಟಿ, ಆಬ್ಜೆಕ್ಟಿವಿಟಿ, ಇಂಪಾರ್ಷಿಯಾಲಿಟಿ. ಕರಡಿನಲ್ಲಿ ಅವು ಸಮಗ್ರತೆ, ಪ್ರಾಮಾಣಿಕತೆ, ವಸ್ತುನಿಷ್ಠತೆ, ತಟಸ್ಥತೆ ಎಂದಾಗಿವೆ. ‘ಸಮಗ್ರತೆ’ಯನ್ನು ಆಗಲೇ ಹೊಡೆದುಹಾಕಿದ್ದೇನೆ. ದೇಶದ ಏಕತೆಯ ಜೊತೆ ಜೋಡಿಯಾಗಿ ಬರುವ ಪದ ಗುಮಾಸ್ತನ ನಡತೆಗೆ ಹೇಗೆ ಹೊಂದೀತು? ‘ನೀತಿನಿಷ್ಠೆ’ ಸಾಕು. ಉಳಿದದ್ದು ಕೊನೆಯ ಪದ.

ತಟಸ್ಥ ಎಂದರೆ ದಡದಲ್ಲಿ ನಿಂತವನು. ವಿಶ್ವಾಸಮತದ ದಿನ ವಿಧಾನಸಭೆಯಲ್ಲಿ ತಟಸ್ಥರಾಗಿ ಉಳಿದವರು ಎಂದರೆ ಯಾವ ಕಡೆಗೂ ಮತ ಹಾಕದೆ ಕುಳಿತವರು. ಬ್ರಿಟನ್ನಿನ ಅಧಿಕಾರಿಗೆ ಹಾಗೆ ಕೂರುವ ಸ್ವಾತಂತ್ರ್ಯ ಇಲ್ಲವೇ ಇಲ್ಲ. 2010ರ ಸಾಂವಿಧಾನಿಕ ಸುಧಾರಣೆ ಮತ್ತು ಆಡಳಿತ ಕಾಯ್ದೆ ಹೇಳುವುದೇನೆಂದರೆ, ಸದ್ಯ ಅಧಿಕಾರದಲ್ಲಿರುವ ಸರ್ಕಾರದ ರಾಜಕೀಯ ಬಣ್ಣ ಯಾವುದೇ ಇರಲಿ, ಅಧಿಕಾರಿ ಅದಕ್ಕೆ ನೆರವಾಗಬೇಕು. ನೀತಿಸಂಹಿತೆ ಇನ್ನೂ ಒಂದು ಹೆಜ್ಜೆ ಮುಂದೆ ಹೋಗುತ್ತದೆ: ಇಂದಿನ ಸಚಿವರ ವಿಶ್ವಾಸಕ್ಕೆ ಪಾತ್ರನಾಗಿರಬೇಕು, ನಾಳೆ ಬೇರೆ ಸರ್ಕಾರ ಬಂದರೆ ಅವರೊಂದಿಗೂ ಅಂಥದ್ದೇ ಸಂಬಂಧ ಸಾಧ್ಯವಾಗುವ ಹಾಗೆ ನಡೆದುಕೊಳ್ಳಬೇಕು. ಅಂದರೆ ಇಂದು ಪೂರ್ತಿ ಇವರ ಕೆಲಸ, ನಾಳೆ ಪೂರ್ತಿ ಅವರ ಕೆಲಸ. ಸರ್ಕಾರ ಬದಲಾದಾಗ ಹಿಂದಿನ ಪಕ್ಷದ ಸಚಿವರ ಕಾಗದಪತ್ರಗಳನ್ನು ಹೊಸ ಸಚಿವರಿಗೆ ತೋರಿಸದಿರುವ ರೂಢಿ ಅಲ್ಲಿದೆ. 1964ರಿಂದ ಚುನಾವಣೆಗೆ ಮುಂಚೆ ವಿರೋಧ ಪಕ್ಷದವರು, ಪ್ರಧಾನಿಯ ಒಪ್ಪಿಗೆಯೊಂದಿಗೆ, ಇಲಾಖೆಗಳ ಕಾಯಂ ಕಾರ್ಯದರ್ಶಿಗಳೊಡನೆ (ಇಲಾಖೆಯ ಅತಿ ಹಿರಿಯ ಅಧಿಕಾರಿಗಳೊಡನೆ) ಮಾತಾಡುವ ಪದ್ಧತಿಯೂ ಬೆಳೆದುಬಂದಿದೆ. ಇಂಥವನನ್ನು ದಡದಲ್ಲಿ ನಿಲ್ಲಿಸುವುದು ಹೇಗೆ?

ಒಂದು ಪ್ರಸಂಗ ಹೇಳಿದರೆ ಇದು ಇನ್ನಷ್ಟು ಸ್ಪಷ್ಟವಾದೀತು. 2015ರ ಜೂನ್‌ನಲ್ಲಿ ಲಂಡನ್ನಿನ ಕಿಡ್ಸ್ ಕಂಪನಿ ಎಂಬ ಮಕ್ಕಳ ಸೇವಾಸಂಸ್ಥೆಗೆ 30 ಲಕ್ಷ ಪೌಂಡ್ ಅನುದಾನ ಕೊಡಬೇಕೆಂದು ಸಚಿವರು ಬಯಸಿದರು. ಕ್ಯಾಬಿನೆಟ್ ಕಚೇರಿಯ ಕಾಯಂ ಕಾರ್ಯದರ್ಶಿ ರಿಚರ್ಡ್ ಹೀಟನ್, ಹಣಕ್ಕೆ ತಕ್ಕ ಪ್ರಯೋಜನ ಸಿಗುವುದೆಂಬ ನಂಬಿಕೆ ತಮಗಿಲ್ಲ, ಕೊಡಲೇಬೇಕೆಂದಿದ್ದರೆ ಲಿಖಿತ ನಿರ್ದೇಶನ ಕೊಡಿ ಎಂದು ಪತ್ರ ಬರೆದರು. ಸಚಿವರಾದ ಆಲಿವರ್ ಲೆಟ್ವಿನ್ ಮತ್ತು ಮ್ಯಾಟ್ ಹ್ಯಾನ್‌ಕಾಕ್ ನಿರ್ದೇಶನ ಕೊಟ್ಟರು. ಹಣ ಬಿಡುಗಡೆಯಾಯಿತು. ಆಗಸ್ಟ್‌ನಲ್ಲಿ ಸಂಸ್ಥೆ ಬಾಗಿಲು ಮುಚ್ಚಿತು. ಆ ಪತ್ರಗಳು ಬಹಿರಂಗವಾಗಿದ್ದರಿಂದ ಸಂಸತ್ತಿನ ಸಮಿತಿಗಳಿಗೆ ಯಾರನ್ನು ಏನು ಕೇಳಬೇಕೆಂಬುದು ಗೊತ್ತಿತ್ತು. ಈ ಅಧಿಕಾರಿ ತಟಸ್ಥನೇ? ಬಾಯಿಬಿಟ್ಟು ಬೇಡವೆಂದ, ಬರೆದುಕೊಟ್ಟ ಮೇಲೆ ಮಾಡಿದ. ಎರಡೂ ತಟಸ್ಥತೆಯಲ್ಲ, ಎರಡೂ ಇಂಪಾರ್ಷಿಯಾಲಿಟಿ.

ಹಾಗಾದರೆ ‘ನಿಷ್ಪಕ್ಷಪಾತ’? ಇದು ಮೇಲು. ಒಂದು ಅದೃಷ್ಟವೂ ಇದೆ: ನಮ್ಮ ‘ಪಕ್ಷ’ಕ್ಕೆ ಬದಿ ಎಂಬ ಅರ್ಥವೂ ಇದೆ, ರಾಜಕೀಯ ಪಕ್ಷ ಎಂಬ ಅರ್ಥವೂ ಇದೆ, ಹಾಗಾಗಿ ಇಂಗ್ಲಿಷಿನಲ್ಲಿ ವಿಶೇಷಣ ಸೇರಿಸಿ ಹೇಳಬೇಕಾದದ್ದು ಇಲ್ಲಿ ಪದದೊಳಗೇ ಕೂತಿದೆ. ಆದರೆ ನಿಷ್ಪಕ್ಷಪಾತಿ ಎಂದೊಡನೆ ನ್ಯಾಯಾಧೀಶ ಕಾಣಿಸುತ್ತಾನೆ, ಎರಡು ಪಕ್ಷಗಳ ನಡುವೆ ಕೂತು ತೀರ್ಪು ಹೇಳುವವನು. ಅಧಿಕಾರಿ ಆಡಳಿತ ಪಕ್ಷಕ್ಕೂ ವಿರೋಧ ಪಕ್ಷಕ್ಕೂ ನಡುವಿನ ಪಂಚಾಯಿತಿದಾರನಲ್ಲ. ಸಂಸದೀಯ ಸಮಿತಿಯ ಮುಂದೆ ಬಂದಾಗಲೂ ಅವನು ಸಚಿವರ ಪರವಾಗಿ ಮಾತಾಡುತ್ತಾನೆ, ಸಚಿವರಿಗೆ ತಾನು ಕೊಟ್ಟ ಸಲಹೆ ಏನೆಂದು ಹೇಳುವುದಿಲ್ಲ. ಆ ನಿಯಮಗಳಿಗೆ ಆಸ್ಮದರ್ಲಿ ನಿಯಮಗಳೆಂದೇ ಹೆಸರು. 1980ರಲ್ಲಿ ಅವನ್ನು ಬರೆದ ಅಧಿಕಾರಿಯ ಹೆಸರು ಉಳಿದುಕೊಂಡಿದೆ. (‘ನಿಷ್ಪಕ್ಷಪಾತತೆ’ ಎಂಬ ಭಾವನಾಮವನ್ನು ಮೂರು ಸಲ ಬೇಗ ಬೇಗ ಹೇಳಿ ನೋಡಿ, ಆಮೇಲೆ ಅದನ್ನು ಹತ್ತೊಂಬತ್ತರ ಹುಡುಗರಿಗೆ ಕೊಡಬೇಕೇ ಎಂದು ನೀವೇ ತೀರ್ಮಾನಿಸಿ.)

ಅದೃಷ್ಟವಶಾತ್ ನೀತಿಸಂಹಿತೆಯೇ ಇದನ್ನು ಎರಡು ತಲೆಬರಹಗಳಡಿ ಬಿಡಿಸಿಟ್ಟಿದೆ. ಒಂದು, ಜನರೊಡನೆ ನ್ಯಾಯವಾಗಿ, ಸಮಾನವಾಗಿ ವ್ಯವಹರಿಸುವುದು. ಇನ್ನೊಂದು, ಬೇರೆ ಬೇರೆ ಪಕ್ಷಗಳ ಸರ್ಕಾರಗಳಿಗೆ ಒಂದೇ ಮನಸ್ಸಿನಿಂದ ದುಡಿಯುವುದು. ಮೊದಲನೆಯದಕ್ಕೆ ‘ನಿಷ್ಪಕ್ಷಪಾತ’ವನ್ನು ಉಳಿಸಿಕೊಂಡು, ಎರಡನೆಯದಕ್ಕೆ ‘ಪಕ್ಷಭೇದವಿಲ್ಲದ ನಿಷ್ಠೆ’ ಎನ್ನಬಹುದೇ? ‘ಪಕ್ಷಾತೀತ’ವನ್ನೂ ಯೋಚಿಸಿದೆ. ಆದರೆ ಪಕ್ಷಾತೀತ ಹೋರಾಟ, ಪಕ್ಷಾತೀತ ಸಭೆ ಎಂದು ಪತ್ರಿಕೆಗಳಲ್ಲಿ ಓದಿ ಓದಿ, ಎಲ್ಲ ಪಕ್ಷದವರೂ ಒಂದೇ ವೇದಿಕೆಯಲ್ಲಿ ಕುಳಿತ ಚಿತ್ರ ಬರುತ್ತದೆ.

ನಮ್ಮ ಕಡೆಯ ಬಳಕೆ ಇಲ್ಲಿ ಅಡ್ಡ ಬರುತ್ತದೆ ಎಂಬುದನ್ನೂ ಹೇಳಬೇಕು. ಅಖಿಲ ಭಾರತ ಸೇವೆಗಳ ನಡತೆ ನಿಯಮಗಳಿಗೆ 2014ರಲ್ಲಿ ಆದ ತಿದ್ದುಪಡಿಯಲ್ಲಿ ‘ಪೊಲಿಟಿಕಲ್ ನ್ಯೂಟ್ರಾಲಿಟಿ’ ಬೇರೆಯಾಗಿಯೂ ‘ಇಂಪಾರ್ಷಿಯಾಲಿಟಿ’ ಬೇರೆಯಾಗಿಯೂ ಬಂದಿವೆ. ಅಲ್ಲಿ ಮೊದಲನೆಯದಕ್ಕೆ ‘ರಾಜಕೀಯ ತಟಸ್ಥತೆ’ ಸಹಜ. ಆದ್ದರಿಂದ ಬ್ರಿಟನ್ನಿನ ಪದಕ್ಕೂ ಅದನ್ನೇ ಹಾಕಿದರೆ ಎರಡನ್ನೂ ಓದುವ ವಿದ್ಯಾರ್ಥಿ ಗೊಂದಲಕ್ಕೆ ಬೀಳುತ್ತಾನೆ. ಭಾವನೆಯೇನೋ ನಮಗೆ ಹೊಸದಲ್ಲ. 1949ರ ಅಕ್ಟೋಬರ್ 10ರಂದು ಸಂವಿಧಾನ ಸಭೆಯಲ್ಲಿ ವಲ್ಲಭಭಾಯಿ ಪಟೇಲರು, ತಮ್ಮ ಕಾರ್ಯದರ್ಶಿ ತಮ್ಮ ಅಭಿಪ್ರಾಯಕ್ಕೆ ವಿರುದ್ಧವಾಗಿ ಟಿಪ್ಪಣಿ ಬರೆಯಬಹುದು, ಆ ಸ್ವಾತಂತ್ರ್ಯವನ್ನು ತಾವು ಎಲ್ಲ ಕಾರ್ಯದರ್ಶಿಗಳಿಗೂ ಕೊಟ್ಟಿರುವುದಾಗಿ ಹೇಳಿದ್ದರು. ಅಧಿಕಾರಿಗಳು ಬಾಯಿಮಾತಿನ ಆದೇಶದ ಮೇಲೆ ನಡೆಯಬಾರದು ಎಂದು ಸುಪ್ರೀಂ ಕೋರ್ಟ್ 2013ರಲ್ಲಿ ಹೇಳಿತು. ಹೀಟನ್ ಕೇಳಿದ ಕಾಗದ ಯಾವ ಜಾತಿಯದೆಂದು ನಮ್ಮ ಸಚಿವಾಲಯದಲ್ಲಿ ಕೆಲಸ ಮಾಡಿದವರಿಗೆ ವಿವರಿಸಬೇಕಾಗಿಲ್ಲ.

ಇನ್ನು ಸಲಹೆಗಾರರು. ಅಲ್ಲಿ ಸ್ಪ್ಯಾಡ್ ಎಂದು ಕರೆಯುವ ಸ್ಪೆಷಲ್ ಅಡ್ವೈಸರ್‌ನನ್ನು ಕರಡು ‘ವಿಶೇಷ ಸಲಹೆಗಾರ’ ಎಂದಿದೆ. ಕನ್ನಡದಲ್ಲಿ ವಿಶೇಷ ಎಂದರೆ ಹೆಚ್ಚಿನದು; ಓದುವವರು ತಜ್ಞ ಎಂದುಕೊಳ್ಳುತ್ತಾರೆ. ಅಲ್ಲಿ ‘ವಿಶೇಷ’ ಎಂದರೆ ಮಾಮೂಲಿ ನಿಯಮಗಳ ಹೊರಗಿನವನು ಎಂದಷ್ಟೇ. ಪ್ರತಿಭೆ ಮತ್ತು ಮುಕ್ತ ಸ್ಪರ್ಧೆಯಿಂದಲೇ ನೇಮಕ ಎಂಬ, 1854ರ ನಾರ್ತ್‌ಕೋಟ್ ಮತ್ತು ಟ್ರೆವೆಲಿಯನ್ ವರದಿಯಿಂದ ಬಂದ ತತ್ವ ಇವನಿಗೆ ಅನ್ವಯಿಸುವುದಿಲ್ಲ. 2010ರ ಕಾಯ್ದೆ ಇವನನ್ನು ವಸ್ತುನಿಷ್ಠತೆಯಿಂದಲೂ ಇಂಪಾರ್ಷಿಯಾಲಿಟಿಯಿಂದಲೂ ಬಿಡುಗಡೆ ಮಾಡಿದೆ. ಸಂಬಳ ಸರ್ಕಾರದ್ದು, ನೇಮಕ ಸಚಿವರ ಖುದ್ದು ಆಯ್ಕೆ, ಸಚಿವರು ಹೋದ ದಿನ ಇವನ ಕೆಲಸವೂ ಹೋಗುತ್ತದೆ. ಇಂಥವರು ಎಷ್ಟು ಮಂದಿ, ಖರ್ಚೆಷ್ಟು ಎಂಬ ವರದಿ ವರ್ಷಕ್ಕೊಮ್ಮೆ ಸಂಸತ್ತಿನ ಮುಂದೆ ಬರಬೇಕು. ಸಲಹೆಗಾರ ಸಲಹೆಗೇ ನಿಲ್ಲುತ್ತಾನೆಯೇ ಎಂಬುದೂ ಹಳೆಯ ಜಗಳ. 1997ರಲ್ಲಿ ಟೋನಿ ಬ್ಲೇರ್ ಪ್ರಧಾನಿಯಾಗಿ ಬಂದ ಹೊಸತರಲ್ಲಿ ಅವರ ಇಂಥ ಸಲಹೆಗಾರರಾದ ಜೊನಾಥನ್ ಪವೆಲ್ ಮತ್ತು ಅಲಸ್ಟೇರ್ ಕ್ಯಾಂಬೆಲ್ ಅವರಿಗೆ ಅಧಿಕಾರಿಗಳಿಗೆ ಆದೇಶ ಕೊಡುವ ಅಧಿಕಾರ ಸಿಕ್ಕಿತು. 2007ರಲ್ಲಿ ಬ್ರೌನ್ ಅದನ್ನು ಕಿತ್ತುಹಾಕಿದರು.

ನನಗೆ ಹೊಳೆದದ್ದು ‘ಆಪ್ತ ಸಲಹೆಗಾರ’. ಆದರೆ ಇಲ್ಲೊಂದು ಕೊಕ್ಕೆ ಇದೆ. ಅಲ್ಲಿನ ಪ್ರೈವೇಟ್ ಸೆಕ್ರೆಟರಿಯನ್ನು ನಾವು ಹಿಂದೆಮುಂದೆ ನೋಡದೆ ‘ಆಪ್ತ ಕಾರ್ಯದರ್ಶಿ’ ಎನ್ನುತ್ತೇವೆ. ಅವನು ಕಾಯಂ ಅಧಿಕಾರಿ. ಸಚಿವರು ಬದಲಾದರೂ ಅದೇ ಕುರ್ಚಿಯಲ್ಲಿ ಕುಳಿತು ಹೊಸಬರ ದಿನಚರಿ ನೋಡಿಕೊಳ್ಳಬಲ್ಲವನು. ನಿಜವಾದ ಆಪ್ತ ಸ್ಪ್ಯಾಡ್. ಒಬ್ಬನಿಗೆ ‘ಆಪ್ತ’ ಕೊಟ್ಟರೆ ಇನ್ನೊಬ್ಬನಿಂದ ಕಿತ್ತುಕೊಳ್ಳಬೇಕು. ಹಾಗಾಗಿ ‘ಸಚಿವರ ರಾಜಕೀಯ ಸಲಹೆಗಾರ’, ‘ಸಚಿವರ ಕಚೇರಿ ಕಾರ್ಯದರ್ಶಿ’ ಎಂದು ಬೇರ್ಪಡಿಸೋಣವೇ? ನಮ್ಮಲ್ಲಿ ಮುಖ್ಯಮಂತ್ರಿಗಳ ‘ರಾಜಕೀಯ ಕಾರ್ಯದರ್ಶಿ’ ಎಂಬ ಹುದ್ದೆ ಜನರಿಗೆ ಗೊತ್ತಿದೆ, ಅದರ ನೆರಳು ಬಿದ್ದರೂ ತೊಂದರೆಯಿಲ್ಲ ಎಂದು ನನ್ನ ಎಣಿಕೆ. ಸಂಪುಟ ದರ್ಜೆ, ಗೂಟದ ಕಾರು ಮಾತ್ರ ಅಲ್ಲಿ ಇಲ್ಲ ಎಂದು ಅಡಿಟಿಪ್ಪಣಿ ಹಾಕಬೇಕಾದೀತು.

ನನಗೆ ಬೇಕಾದ ಉತ್ತರಗಳು ಇಷ್ಟು. ‘ಪಕ್ಷಭೇದವಿಲ್ಲದ ನಿಷ್ಠೆ’ ಪಾಠದಲ್ಲಿ ನಿಲ್ಲುವ ಪದಗುಚ್ಛವೇ, ಅಥವಾ ಇದಕ್ಕಿಂತ ಚಿಕ್ಕದೇನಾದರೂ ಬಳಕೆಯಲ್ಲಿದೆಯೇ? ಸಂಸತ್ತಿನ ಕಲಾಪವನ್ನು ಪತ್ರಿಕೆಗಳಿಗೆ ಬರೆದು ಅನುಭವವಿರುವವರು ಹಿಯರಿಂಗ್‌ಗೆ ‘ವಿಚಾರಣೆ’ ಬಿಟ್ಟು ಬೇರೆ ಯಾವ ಪದ ಬಳಸಿದ್ದಾರೆ? ಕಡತ ನೋಡಿ ಪಳಗಿದವರಿಗೆ ಇನ್ನೊಂದು ಪ್ರಶ್ನೆ: ಮೇಲಿನವರ ಬಾಯಿಮಾತಿಗೆ ಲಿಖಿತ ಆದೇಶ ಬೇಡುವಾಗ ನೀವು ಟಿಪ್ಪಣಿಯಲ್ಲಿ ಯಾವ ವಾಕ್ಯ ಬರೆಯುತ್ತಿದ್ದಿರಿ? ಕರಡಿನಲ್ಲಿರುವ ‘ಮಂತ್ರಿಯ ನಿರ್ದೇಶನ’ ಎಂಬುದರ ಜಾಗದಲ್ಲಿ ಆ ಮಾತನ್ನೇ ಕೂರಿಸಬಹುದೇ ಎಂದು ನೋಡಬೇಕಾಗಿದೆ.