ರಾತ್ರಿ ಒಂಬತ್ತೂವರೆಗೆ ಬಸ್ ಇಳಿದು ನಡೆಯುವ ಭಯ

ಸೌಮ್ಯ: ಬೆಂಗಳೂರಿನಲ್ಲಿ ಬನಶಂಕರಿ ಕಡೆ ಪಿಜಿಯಲ್ಲಿದ್ದೇನೆ. ಬಸ್ ಸ್ಟಾಪಿನಿಂದ ಹತ್ತು ನಿಮಿಷದ ದಾರಿ. ಮೊದಲು ತಿರುವಿನಲ್ಲಿ ಒಬ್ಬರು ಅಣ್ಣ ಎಗ್ ರೈಸ್ ಗಾಡಿ ಹಾಕುತ್ತಿದ್ದರು. ಹನ್ನೊಂದರ ತನಕ ಬೆಳಕು ಇರುತ್ತಿತ್ತು, ನಾಲ್ಕು ಜನ ನಿಂತಿರುತ್ತಿದ್ದರು. ಎರಡು ತಿಂಗಳ ಹಿಂದೆ ಗಾಡಿ ಎತ್ತಿಸಿದರು. ಈಗ ಅಲ್ಲಿ ಕಂಬದ ಮೇಲೆ ಕ್ಯಾಮೆರಾ ಇದೆ, ಬೀದಿದೀಪ ಮಾತ್ರ ಉರಿಯುವುದಿಲ್ಲ. ಕಳೆದ ವಾರ ಇಬ್ಬರು ಬೈಕಿನಲ್ಲಿ ನಿಧಾನವಾಗಿ ನನ್ನ ಹಿಂದೆಯೇ ಬಂದರು. ಏನೂ ಆಗಲಿಲ್ಲ. ಆದರೆ ಅವತ್ತಿನಿಂದ ಬೀಗದ ಕೈ ಮುಷ್ಟಿಯಲ್ಲಿ ಹಿಡಿದೇ ನಡೆಯುತ್ತೇನೆ. ನನಗೆ ಕ್ಯಾಮೆರಾಕ್ಕಿಂತ ಆ ಗಾಡಿಯಿಂದಲೇ ಧೈರ್ಯ ಇತ್ತು. ನಿಮಗೂ ಹೀಗೆ ಅನಿಸುತ್ತಾ?

ಕಿರಣ್ ಕೆ: 'ಏನೂ ಆಗಲಿಲ್ಲ' ಅಂತ ನೀವೇ ಬರೆದಿದ್ದೀರಿ. ಮಹಿಳೆಯರ ಸುರಕ್ಷತೆಗೆ ಅಂತ ಕೇಂದ್ರ ಇಟ್ಟಿರುವ ನಿರ್ಭಯಾ ನಿಧಿಯ ಸೇಫ್ ಸಿಟಿ ಯೋಜನೆಯಲ್ಲಿ ನಗರದ ತುಂಬ ಸಾವಿರಾರು ಕ್ಯಾಮೆರಾ ಹಾಕಿದ್ದಾರೆ. 112ಕ್ಕೆ ಫೋನ್ ಮಾಡಿದರೆ ಪೊಲೀಸರ ಹೊಯ್ಸಳ ಗಸ್ತು ವಾಹನ ಬರುತ್ತದೆ. ದೆಹಲಿಗೆ ಹೋಲಿಸಿದರೆ ನಮ್ಮೂರು ಎಷ್ಟೋ ವಾಸಿ. ಸುಮ್ನೆ ಭಯ ಹಬ್ಬಿಸಬೇಡಿ.

ನಾಗರತ್ನ: ಏನಾದರೂ ಆದ ಮೇಲೆ ಬಂದು ಬರೆಯಬೇಕಿತ್ತಾ ಅವಳು? ಹೆಣ್ಣನ್ನು ಹಿಂಬಾಲಿಸಿ ಕಾಡುವುದೇ ಅಪರಾಧ ಕಣಪ್ಪ, ಐಪಿಸಿ ಬದಲು ಬಂದ ಹೊಸ ನ್ಯಾಯ ಸಂಹಿತೆಯ 78ನೇ ಸೆಕ್ಷನ್ ಓದಿಕೋ. 2016ರ ಡಿಸೆಂಬರ್ 31ರ ರಾತ್ರಿ ಬ್ರಿಗೇಡ್ ರಸ್ತೆಯಲ್ಲಿ ಪೊಲೀಸರೂ ಇದ್ದರು, ಜನರೂ ಇದ್ದರು. ಆದರೂ ಹೊಸ ವರ್ಷದ ಆ ಗುಂಪಿನಲ್ಲಿ ಹೆಣ್ಣುಮಕ್ಕಳಿಗೆ ಲೈಂಗಿಕ ಕಿರುಕುಳ ಆಯಿತು, ದೇಶಕ್ಕೇ ಗೊತ್ತು.

ಮಂಜುನಾಥ: 'ಜನರೂ ಇದ್ದರು.' ನೋಡಿ, ನೀವೇ ಹೇಳಿದಿರಿ. ಸಾವಿರಾರು ಜನ ಇದ್ದೂ ಆಗದ ಕೆಲಸ ಎಗ್ ರೈಸ್ ತಿನ್ನುವ ನಾಲ್ಕು ಜನರಿಂದ ಆಗುತ್ತಾ? ಗಾಡಿ ಎತ್ತಿಸಿದ್ದು ಸರಿಯೇ. ನಮ್ಮ ತಾಯಿಗೆ 71 ವರ್ಷ. ಫುಟ್‌ಪಾತ್ ಮೇಲೆ ಗಾಡಿ ನಿಂತಿದೆ ಅಂತ ರಸ್ತೆಗೆ ಇಳಿದರು, ಬೈಕ್ ಗುದ್ದಿತು, ಸೊಂಟದ ಮೂಳೆ ಮುರಿದು ಮೂರು ತಿಂಗಳು ಹಾಸಿಗೆ ಹಿಡಿದರು. ಅವರಿಗೆ ಭಯ ಇಲ್ವಾ?

ಹರೀಶ್ (ಹಾಸನ): ಬೀದಿ ವ್ಯಾಪಾರಿಗಳ ಕಾಯ್ದೆ ಬಂದಿದ್ದು 2014ರಲ್ಲಿ. ಸರ್ವೆ ಮುಗಿಸಿ ಪ್ರಮಾಣಪತ್ರ ಕೊಡುವ ತನಕ ಯಾರನ್ನೂ ಎತ್ತಿಸುವಂತಿಲ್ಲ. ಜಾಗ ಬಿಡಿಸಬೇಕಾದರೂ 30 ದಿನ ಮುಂಚೆ ನೋಟಿಸ್ ಕೊಡಬೇಕು. ಆ ಅಣ್ಣನಿಗೆ ಕೊಟ್ಟಿದ್ದರಾ?

ಮಂಜುನಾಥ: ಅದೇ ಕಾಯ್ದೆಯಲ್ಲಿ ವ್ಯಾಪಾರ ಮಾಡಬಾರದ ಜಾಗ ಅಂತಲೂ ಗುರುತಿಸಬೇಕು ಅಂತಿದೆ. ಅದನ್ನು ಯಾಕೆ ಬಿಟ್ಟಿರಿ? ಫುಟ್‌ಪಾತ್ ಇರುವುದು ನಡೆಯುವವರಿಗೆ.

ಹರೀಶ್ (ಹಾಸನ): 'ನಡೆಯುವವರಿಗೆ' ಅಂದರೆ ಸೌಮ್ಯ ನಡೆಯುತ್ತಿಲ್ವಾ? ನಿಮ್ಮ ಬೀದಿಯಲ್ಲಿ ಫುಟ್‌ಪಾತ್ ಮೇಲೆ ನಿಲ್ಲಿಸಿರುವ ಕಾರುಗಳನ್ನು ಮೊದಲು ಎತ್ತಿಸಿ. ಬಡವನ ಗಾಡಿ ಮಾತ್ರ ಕಣ್ಣಿಗೆ ಚುಚ್ಚುತ್ತೆ.

ಮಂಜುನಾಥ: ನನ್ನ ಕಾರು ಮನೆ ಕಾಂಪೌಂಡಿನ ಒಳಗೆ ನಿಲ್ಲುತ್ತದೆ ಸ್ವಾಮಿ. ತಾಯಿ ಮೂಳೆ ಮುರಿದ ವಿಷಯ ಹೇಳಿದರೆ ಬಡವ-ಶ್ರೀಮಂತ ಅಂತ ತಿರುಗಿಸುತ್ತೀರಲ್ಲ, ನಾಚಿಕೆಯಾಗಬೇಕು ನಿಮಗೆ! ಹಾಸನದಲ್ಲಿ ಕೂತು ಬೆಂಗಳೂರಿನ ಬೀದಿ ಬಗ್ಗೆ ಪಾಠ ಬೇರೆ.

ಹರೀಶ್ (ಹಾಸನ): ಹಾಸನ ನನ್ನ ಊರು. ಹನ್ನೊಂದು ವರ್ಷದಿಂದ ಪೀಣ್ಯದಲ್ಲಿ ದುಡಿಯುತ್ತಿದ್ದೇನೆ. ಎರಡನೇ ಪಾಳಿ ಮುಗಿಸಿ ಬರುವಾಗ ದಾರಿಯಲ್ಲಿ ಎಚ್ಚರವಾಗಿರುವುದು ಗಾಡಿಯವರು, ಆಟೋದವರು ಮಾತ್ರ. ಒಮ್ಮೆ ನನ್ನ ಮೊಬೈಲ್ ಕಿತ್ತುಕೊಂಡು ಓಡಿದವನನ್ನು ಹಿಡಿದಿದ್ದೂ ಒಬ್ಬ ಟೀ ಮಾರುವವನೇ.

ಕಿರಣ್ ಕೆ: ಒಬ್ಬೊಬ್ಬರ ಅನುಭವ ಪುರಾವೆ ಆಗಲ್ಲ. ದೇಶದ ಅಪರಾಧಗಳ ಲೆಕ್ಕ ಇಡುವ ಎನ್‌ಸಿಆರ್‌ಬಿ ಅಂಕಿಅಂಶ ನೋಡಿ. ಅಪರಾಧದ ದರ ಹಾಕುವಾಗ ನಗರಗಳಿಗೆ 2011ರ ಜನಗಣತಿಯನ್ನೇ ಹಿಡಿಯುತ್ತಾರೆ, ಅಂದರೆ ಬೆಂಗಳೂರಿಗೆ ಸುಮಾರು 85 ಲಕ್ಷ ಜನ. ಈಗ ಅದಕ್ಕಿಂತ ಎಷ್ಟು ಜಾಸ್ತಿ ಇದ್ದೇವೆ! ಭಾಗಿಸಿ ನೋಡಿದರೆ ನಿಜವಾದ ದರ ಇನ್ನೂ ಕಡಿಮೆ.

ನಾಗರತ್ನ: ಭಾಗಿಸುವುದು ದಾಖಲಾದ ಕೇಸುಗಳನ್ನು ತಾನೇ? ಸೌಮ್ಯಳ ಹಿಂದೆ ಬಂದ ಬೈಕು ಯಾವ ಲೆಕ್ಕದಲ್ಲಿದೆ? ನನ್ನ ಮಗಳು ಬಸ್ಸಿನಲ್ಲಿ ಆದದ್ದನ್ನು ನನಗೆ ಹೇಳಿದ್ದೇ ಎರಡು ವರ್ಷದ ಮೇಲೆ. ಠಾಣೆಗೆ ಹೋಗುತ್ತಿದ್ದಳಾ?

ಕಿರಣ್ ಕೆ: ಠಾಣೆಗೆ ಹೋಗದಿದ್ದರೆ ಪೊಲೀಸರಿಗೆ ಹೇಗೆ ಗೊತ್ತಾಗಬೇಕು ಮೇಡಂ? ಝೀರೋ ಎಫ್‌ಐಆರ್ ಇದೆ, ಯಾವ ಠಾಣೆಯಲ್ಲಾದರೂ ದೂರು ಕೊಡಬಹುದು.

ನಾಗರತ್ನ: ಹದಿನಾರು ವರ್ಷದ ಹುಡುಗಿ ಒಬ್ಬಳೇ ಹೋಗಿ ಕೊಡಬೇಕಿತ್ತಾ? ನಿನ್ನ ಹತ್ತಿರ ಇನ್ನು ಮಾತಿಲ್ಲ.

ಸೌಮ್ಯ: ಮಂಜುನಾಥ್ ಸರ್, ನಿಮ್ಮ ತಾಯಿಗೆ ಆದದ್ದು ಕೇಳಿ ಬೇಜಾರಾಯಿತು. ಆದರೆ ಗಾಡಿ ಹೋದ ಜಾಗದಲ್ಲಿ ಈಗ ಯಾರೂ ನಡೆಯುತ್ತಿಲ್ಲ. ಕತ್ತಲಲ್ಲಿ ಚಪ್ಪಡಿ ಎಲ್ಲಿ ಕಿತ್ತಿದೆ ಅಂತಲೇ ಕಾಣಲ್ಲ, ಎಲ್ಲರೂ ರಸ್ತೆಗೇ ಇಳಿಯುತ್ತಾರೆ. ದೀಪದ ದೂರು ಮೂರು ಸಲ ಕೊಟ್ಟೆ. ಮೂರು ಸಲವೂ ಸರಿಪಡಿಸಲಾಗಿದೆ ಅಂತ ಮೆಸೇಜ್ ಬಂತು.

ಮಂಜುನಾಥ: ದೀಪಕ್ಕೆ ನಾನೂ ಸಹಿ ಹಾಕುತ್ತೇನಮ್ಮ, ಅದರಲ್ಲಿ ಎರಡು ಮಾತಿಲ್ಲ. ಗಾಡಿ ಮಾತ್ರ ಫುಟ್‌ಪಾತ್ ಮೇಲೆ ಬೇಡ.

ಹರೀಶ್ (ಹಾಸನ): ಹಾಗಾದರೆ ಆ ತಿರುವಿನಲ್ಲಿ ಬೇರೆ ಜಾಗ ಎಲ್ಲಿದೆ? ತೋರಿಸಿ.